ಗಣಿತೋಪಾಧ್ಯಾಯಿನಿಯರ ತರಬೇತಿಯೂ ಅಭ್ಯಾಸ ಪರೀಕ್ಷೆಯೂ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಉಪಾಧ್ಯಾಯ ವೃತ್ತಿಯನ್ನು ಹಿಡಿದವರ ಸಂಖ್ಯೆ ಯಾವಾಗಲೂ ದೊಡ್ಡದು. ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದಿಗೂ ಕರಿಹಲಗೆಯ ಮುಂದೆ ನಿಲ್ಲತಕ್ಕವರೇ. ಇನ್ನು ಕೆಲವರು ತಮ್ಮ ಮಗಳನ್ನೋ ಸೊಸೆಯನ್ನೋ ಟ್ರೈನಿಂಗ್ ಕಾಲೇಜಿಗೆ ಸೇರಿಸಿದವರು. ಇವರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು: "ಟೀಚರ್, ಅರ್ಹತಾ ಪರೀಕ್ಷೆಯ ಗಣಿತಕ್ಕೆ ಯಾವ ಮಾದರಿ ಪ್ರಶ್ನೆಪತ್ರಿಕೆಗಳ ಪುಸ್ತಕ ಒಳ್ಳೆಯದು? ಹುಡುಗಿಯನ್ನು ಯಾವ ಕೋಚಿಂಗಿಗೆ ಸೇರಿಸೋಣ?" ನಿಂತ ನಿಲುವಿನಲ್ಲಿ ಕೊಡುವ ಉತ್ತರದಿಂದ ಕೇಳಿದವರಿಗೆ ತೃಪ್ತಿಯಿಲ್ಲ, ನಮಗೂ ಸಮಾಧಾನವಿಲ್ಲ. ಆದುದರಿಂದ ಈ ವಿಷಯದಲ್ಲಿ ನಮಗೆ ತೋರಿದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಬರೆಯುತ್ತೇವೆ.

ನಮ್ಮ ಮತವನ್ನು ಮೊದಲೇ ಹೇಳಿಬಿಡುವುದು ಲೇಸು. ಅಭ್ಯಾಸ ಪರೀಕ್ಷೆ ಒಳ್ಳೆಯ ಸಾಧನವೇ ಹೌದು. ಆದರೆ ಇಂದು ಅದು ಇರಬೇಕಾದವರ ಕೈಯಲ್ಲಿಲ್ಲ, ನಡೆಯಬೇಕಾದ ಕಾಲದಲ್ಲಿ ನಡೆಯುತ್ತಲೂ ಇಲ್ಲ. ತರಬೇತಿ ಮುಗಿದ ಮೇಲೆ, ಅಭ್ಯರ್ಥಿನಿಯು ತನ್ನ ಸ್ವಂತ ಖರ್ಚಿನಲ್ಲಿ, ಕೆಲಸ ಸಿಕ್ಕಲೆಂಬ ಆತುರದಲ್ಲಿ ಅದನ್ನು ಬರೆಯುತ್ತಿದ್ದಾಳೆ. ಅದು ನಡೆಯಬೇಕಾದುದು ತರಬೇತಿಯ ಆರಂಭದಲ್ಲಿ ಮತ್ತು ನಡುವೆ. ನಡೆಸಬೇಕಾದುದು ಟ್ರೈನಿಂಗ್ ಕಾಲೇಜು. ಅದರ ಫಲದಿಂದ ಮೊದಲು ತಿದ್ದಿಕೊಳ್ಳಬೇಕಾದುದು ಆ ಕಾಲೇಜಿನ ಗಣಿತಬೋಧನೆಯೇ.

ಅರ್ಹತಾ ಪರೀಕ್ಷೆಯ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯನ್ನು ಅನುಸರಿಸಿ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಿಂದ 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕರಿಗೆ ಈ ಪರೀಕ್ಷೆಯನ್ನು ವಿಧಿಸಿತು. ಕೇಂದ್ರದವರು ಒಂದನ್ನೂ ನಮ್ಮ ರಾಜ್ಯದವರು ಇನ್ನೊಂದನ್ನೂ ನಡೆಸುತ್ತಾರೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಲ್ಲಿ, ನಿವೃತ್ತಿಗೆ ಇನ್ನೂ 5 ವರ್ಷಕ್ಕಿಂತ ಹೆಚ್ಚು ಕಾಲವುಳ್ಳ ಸೇವಾನಿರತ ಶಿಕ್ಷಕರೂ 2 ವರ್ಷಗಳೊಳಗಾಗಿ ಇದರಲ್ಲಿ ತೇರ್ಗಡೆಯಾಗತಕ್ಕದ್ದೆಂದು ಹೇಳಿದ ಮೇಲೆ, ತಲೆ ನರೆತ ಉಪಾಧ್ಯಾಯಿನಿಯರೂ ಮಾದರಿ ಪ್ರಶ್ನೆಪತ್ರಿಕೆಗಳನ್ನು ಹುಡುಕಹತ್ತಿದರು. ಅಲ್ಪಸಂಖ್ಯಾತರ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ಆ ತೀರ್ಪು ಹೆಚ್ಚಿನ ಪೀಠಕ್ಕೆ ಬಿಟ್ಟಿತು. ಆ ವಾದವು ಯಾವ ಕಡೆಗೆ ತಿರುಗಿದರೂ ಇಲ್ಲಿ ನಾವು ಹೇಳುವ ಮಾತಿಗೆ ಬಾಧೆಯಿಲ್ಲ. ಮಗುವಿಗೆ ಲೆಕ್ಕ ತಿಳಿಯಬೇಕಾದುದು ಕಾಯಿದೆಗಾಗಿ ಅಲ್ಲವಷ್ಟೆ.

ಈಗ ಆ ಪರೀಕ್ಷೆಯ ಲೆಕ್ಕವನ್ನೇ ಸ್ವಲ್ಪ ನೋಡಿರಿ. 1ರಿಂದ 5ನೆಯ ತರಗತಿಗೆ ಕಲಿಸುವವರ ಪತ್ರಿಕೆಯಲ್ಲಿ 150 ಪ್ರಶ್ನೆಗಳು, 150 ಅಂಕಗಳು. ಶಿಶುವಿಕಾಸ, ಎರಡು ಭಾಷೆಗಳು, ಗಣಿತ, ಪರಿಸರ ವಿಜ್ಞಾನ ಎಂಬ ಐದು ಭಾಗಗಳಿಗೆ 30ರಂತೆ ಹಂಚಿಕೆ. ತೇರ್ಗಡೆಗೆ ಸಾಮಾನ್ಯವಾಗಿ 100ಕ್ಕೆ 60, ಎಂದರೆ 90 ಅಂಕ ಬೇಕು. ಆದರೆ ಗಣಿತದ ಭಾಗದಲ್ಲಿಯೇ ಇಷ್ಟು ಬರಬೇಕೆಂಬ ಕಟ್ಟು ಕೇಂದ್ರದ ಪರೀಕ್ಷೆಯಲ್ಲಿಲ್ಲ. ಹೀಗಿರಲು, ಗಣಿತದಲ್ಲಿ ಒಂದು ಪ್ರಶ್ನೆಗೂ ಸರಿಯುತ್ತರ ಕೊಡದ ಅಭ್ಯರ್ಥಿನಿಯು ಉಳಿದ 120ರಲ್ಲಿ 90 ಗಳಿಸಿ ಮಕ್ಕಳಿಗೆ ಗಣಿತ ಕಲಿಸುವ ಅರ್ಹತೆಯನ್ನು ಪಡೆಯಬಹುದು. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳಿದ್ದು ತಪ್ಪಿಗೆ ಅಂಕ ಕಳೆಯುವ ಕ್ರಮವೂ ಇಲ್ಲವಾದುದರಿಂದ, ಕಣ್ಣು ಮುಚ್ಚಿ ಗುರುತು ಮಾಡಿದರೂ 30ರಲ್ಲಿ ಸರಾಸರಿ ಏಳೆಂಟು ಅಂಕ ಬಂದೇ ಬರುತ್ತವೆ. ಪರೀಕ್ಷೆಯನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಲಕ್ಷಾಂತರ ಜನರನ್ನು ಒಂದೇ ದಿನದಲ್ಲಿ ಸೋಸಬೇಕಾದ ಜರಡಿಗೆ ದೊಡ್ಡ ಕಣ್ಣುಗಳೇ ಇರುತ್ತವೆ. ಜರಡಿಯನ್ನೇ ಅಚ್ಚೆಂದು ತಿಳಿದು, ತರಬೇತಿಯನ್ನೆಲ್ಲ ಅದರ ಆಕಾರಕ್ಕೆ ಎರಕ ಹೊಯ್ಯುವುದು ಮಾತ್ರ ತಪ್ಪು. ಧಾರವಾಡದಂಥ ಊರುಗಳಲ್ಲಿ ಹಣ ತೆತ್ತು, ಬಾಡಿಗೆ ಕೋಣೆಯಲ್ಲಿದ್ದು ತಿಂಗಳುಗಟ್ಟಲೆ ಉತ್ತರ ಗುರುತಿಸುವ ಅಭ್ಯಾಸ ಮಾಡುವ ಹುಡುಗಿಯರ ಶ್ರಮ ಸಣ್ಣದಲ್ಲ. ಆ ಶ್ರಮದಿಂದ ಮೂರನೆಯ ತರಗತಿಯ ಮಗುವಿಗೆ ಏನು ದೊರೆಯಿತೆಂಬುದೇ ನಮ್ಮ ಪ್ರಶ್ನೆ.

ತರಬೇತಿಗೆ ಬರತಕ್ಕವರು ಯಾರೆಂಬುದನ್ನೂ ಮರೆಯಬಾರದು. ಪಿ.ಯು.ಸಿ. ಮುಗಿಸಿ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾಕ್ಕೆ ಸೇರುವ ಹುಡುಗಿಯು ಕಲಾವಿಭಾಗದವಳಾಗಿದ್ದರೆ, ಗಣಿತಕ್ಕೂ ಅವಳಿಗೂ ಹತ್ತನೆಯ ತರಗತಿಯಲ್ಲಿಯೇ ಋಣ ಹರಿದಿರುತ್ತದೆ. ಅನೇಕರು ಗಣಿತವನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ಆ ವಿಭಾಗವನ್ನು ಹಿಡಿದವರು. ಅಂಥವಳ ಕೈಗೆ ಮೂರು ನಾಲ್ಕು ವರ್ಷಗಳ ತರುವಾಯ ಒಂದು ತರಗತಿಯ ಸಮಸ್ತ ವಿಷಯಗಳೂ, ಗಣಿತವೂ ಕೂಡ, ಬರುತ್ತವೆ. ಅವಳು ತನ್ನ ಅಂಜಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಲೆಕ್ಕದ ಪಾಠವನ್ನು ಮಾತ್ರ ಮಧ್ಯಾಹ್ನದ ಕೊನೆಯ ಪೀರಿಯಡ್ಡಿಗೆ ತಳ್ಳುತ್ತಾಳೆ, ಸೂತ್ರವನ್ನು ಬಾಯಿಪಾಠ ಮಾಡಿಸುತ್ತಾಳೆ, "ಯಾಕೆ ಟೀಚರ್?" ಎಂದ ಮಗುವನ್ನು "ಹೇಳಿದಷ್ಟು ಮಾಡು" ಎಂದು ಕೂರಿಸುತ್ತಾಳೆ. ಆ ಮಗು ಎಂಟನೆಯ ತರಗತಿಗೆ ನಮ್ಮಲ್ಲಿಗೆ ಬರುವಾಗ ಭಿನ್ನರಾಶಿಯೆಂದರೆ ಮುಖ ಸಣ್ಣದು ಮಾಡುತ್ತದೆ, ಹತ್ತನೆಯದನ್ನು ಹೇಗೋ ದಾಟಿ ಕಲಾವಿಭಾಗಕ್ಕೆ ಹೋಗುತ್ತದೆ, ಅಲ್ಲಿಂದ ತರಬೇತಿಗೆ. ಚಕ್ರವು ಪೂರ್ಣವಾಯಿತು. ಈ ಚಕ್ರವನ್ನು ಕಡಿಯಬಹುದಾದ ಸ್ಥಳ ಟ್ರೈನಿಂಗ್ ಕಾಲೇಜೇ ಹೊರತು ಅಂಜುವ ಎಳೆಯ ಮಗುವಲ್ಲ.

ಹುಡುಗಿಯರ ಶಾಲೆಯವರಾದ ನಾವು ಇದನ್ನು ಕೇವಲ ಪರಕಾರ್ಯವೆಂದು ನೋಡಲಾರೆವು. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಒಂದು ಶೋಧನೆಯುಂಟು. ಮೊದಲ ಎರಡು ತರಗತಿಗಳ 17 ಮಂದಿ ಉಪಾಧ್ಯಾಯಿನಿಯರನ್ನೂ, ಅವರ ಬಳಿ ಕಲಿತ 65 ಹುಡುಗಿಯರನ್ನೂ 52 ಹುಡುಗರನ್ನೂ ಅವರು ಒಂದು ಶಾಲಾವರ್ಷ ಪರಿಶೀಲಿಸಿದರು. ವರ್ಷಾರಂಭದಲ್ಲಿ ಉಪಾಧ್ಯಾಯಿನಿಯ ಗಣಿತಭೀತಿಗೂ ಮಕ್ಕಳ ಗಣಿತಕ್ಕೂ ಏನೂ ಸಂಬಂಧ ಕಾಣಲಿಲ್ಲ. ವರ್ಷಾಂತ್ಯದಲ್ಲಿ, ಹೆಚ್ಚು ಅಂಜುವ ಉಪಾಧ್ಯಾಯಿನಿಯ ತರಗತಿಯಲ್ಲಿ "ಲೆಕ್ಕ ಗಂಡುಮಕ್ಕಳಿಗೆ, ಓದು ಹೆಣ್ಣುಮಕ್ಕಳಿಗೆ" ಎಂದು ನಂಬುವ ಹುಡುಗಿಯರು ಹೆಚ್ಚಾದರು. ಹಾಗೆ ನಂಬಿದ ಹುಡುಗಿಯರೇ ಗಣಿತದಲ್ಲಿ ಹಿಂದೆ ಬಿದ್ದರು. ಹುಡುಗರಿಗೆ ಏನೂ ಆಗಲಿಲ್ಲ. ಹದಿನೇಳು ಮಂದಿಯ ಲೆಕ್ಕದಿಂದ ಜಗತ್ತನ್ನೆಲ್ಲ ತೂಗಬಾರದು, ದೇಶವೂ ಬೇರೆ. ಆದರೂ ಎಂಟನೆಯ ತರಗತಿಗೆ ಪ್ರವೇಶಕ್ಕಾಗಿ ಬರುವ ಬಾಲಕಿಯ ಪಕ್ಕದಲ್ಲಿ ನಿಂತ ತಾಯಿ "ನನಗೂ ಲೆಕ್ಕ ಬರುತ್ತಿರಲಿಲ್ಲ, ಇವಳಿಗೂ ಬರುವುದಿಲ್ಲ" ಎಂದು ನಗುತ್ತ ಹೇಳುವುದನ್ನು ಎಷ್ಟೋ ಸಲ ಕೇಳಿದ ನಮಗೆ ಆ ಫಲಿತಾಂಶ ಅಪರಿಚಿತವಾಗಿ ತೋರಲಿಲ್ಲ. ತಾಯಂದಿರಲ್ಲಿ ನಮ್ಮದೊಂದು ಬಿನ್ನಹ: ಆ ಮಾತನ್ನು ಮಗಳ ಎದುರಿನಲ್ಲಿ ಆಡಬೇಡಿರಿ.

ಇನ್ನು, ಗಣಿತ ಕಲಿಸುವವಳಿಗೆ ಗೊತ್ತಿರಬೇಕಾದುದು ಏನು? ಈ ಪ್ರಶ್ನೆಗೆ ಕಾಲಕ್ಕೊಂದು ಉತ್ತರ ಬಂದಿದೆ. ಕ್ಯಾಲಿಫೋರ್ನಿಯದಲ್ಲಿ 1875ರಲ್ಲಿ ಪ್ರಾಥಮಿಕ ಶಿಕ್ಷಕರಿಗೆ ನಡೆದ ಪರೀಕ್ಷೆಯ ಒಟ್ಟು 1,000 ಅಂಕಗಳಲ್ಲಿ ಬೋಧನಕ್ರಮಕ್ಕೆ ಮೀಸಲಾಗಿದ್ದುದು 50, ಉಳಿದುದೆಲ್ಲ ವಿಷಯಜ್ಞಾನ. ನೂರು ವರ್ಷ ಕಳೆಯುವುದರೊಳಗೆ ತಕ್ಕಡಿಯು ಇನ್ನೊಂದು ಕಡೆಗೆ ವಾಲಿ, ಪಾಠಕ್ರಮ, ತರಗತಿಯ ಶಿಸ್ತು, ಉಪಕರಣಗಳು ಇವೇ ಮುಖ್ಯವಾದವು. ಈ ಎರಡು ಪರೀಕ್ಷೆಗಳನ್ನೂ ಎದುರುಬದುರಾಗಿ ಇಟ್ಟು ನೋಡಿದ ಲೀ ಶುಲ್ಮನ್ ಎಂಬ ಅಮೆರಿಕದ ಶಿಕ್ಷಣತಜ್ಞರು 1986ರಲ್ಲಿ, ಇವೆರಡರ ನಡುವೆ ಮೂರನೆಯದೊಂದು ಜ್ಞಾನವಿದೆಯೆಂದು ಎತ್ತಿ ತೋರಿಸಿದರು: ಒಂದು ವಿಷಯವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಮಾಡುವುದಕ್ಕೆ ಬೇಕಾದ, ಆ ವಿಷಯಕ್ಕೇ ಅಂಟಿಕೊಂಡಿರುವ ಜ್ಞಾನ. ಭಿನ್ನರಾಶಿಯನ್ನು ಕಲಿಸಬಲ್ಲವಳ ಈ ಜ್ಞಾನ ವ್ಯಾಕರಣ ಕಲಿಸಬಲ್ಲವಳ ಜ್ಞಾನಕ್ಕಿಂತ ಬೇರೆ. ಭಿನ್ನರಾಶಿಯ ಲೆಕ್ಕವನ್ನು ತಾನು ಮಾಡಬಲ್ಲವಳ ಜ್ಞಾನಕ್ಕಿಂತಲೂ ಬೇರೆ.

ಮಾತು ಸೂಕ್ಷ್ಮವಾಯಿತು, ಉದಾಹರಣೆಯಿಂದ ಸ್ಪಷ್ಟಪಡಿಸೋಣ. 1¾ ÷ ½ ಎಷ್ಟು? ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕೆಂಬುದನ್ನು ನಾವೆಲ್ಲರೂ ಕಲಿತಿದ್ದೇವೆ. ನಮ್ಮ ನಾಡಿಗೆ ಈ ಸೂತ್ರ ಹೊಸದೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಬರೆದ ಸಂಸ್ಕೃತದ ಗಣಿತಸಾರಸಂಗ್ರಹದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಉತ್ತರ 3½. ಆದರೆ "ಈ ಭಾಗಾಕಾರಕ್ಕೆ ಹೊಂದುವ ಒಂದು ಕಥೆಯ ಲೆಕ್ಕವನ್ನು ಮಗುವಿಗೆ ಕಟ್ಟಿಕೊಡಿರಿ" ಎಂದರೆ? ಚೀನದಲ್ಲಿ ಹಳ್ಳಿಯ ಉಪಾಧ್ಯಾಯಿನಿಯಾಗಿದ್ದು ಅನಂತರ ಅಮೆರಿಕಕ್ಕೆ ಹೋದ ಲಿಪಿಂಗ್ ಮಾ ಎಂಬ ವಿದುಷಿಯು 1999ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಪ್ರಶ್ನೆಯ ವೃತ್ತಾಂತವನ್ನು ಕೊಟ್ಟಿದ್ದಾಳೆ. ಅಮೆರಿಕದ 23 ಮಂದಿ ಶಿಕ್ಷಕರಲ್ಲಿ ಲೆಕ್ಕ ಮಾಡಹೊರಟವರು 21. ಪೂರ್ಣವಾಗಿ ಸರಿಯುತ್ತರ ಕೊಟ್ಟವರು 9. ಅರ್ಥಕ್ಕೆ ಹೊಂದುವ ಕಥೆ ಹೊಳೆದುದು ಒಬ್ಬರಿಗೆ. ಚೀನದ 72 ಮಂದಿಯಲ್ಲಿ ಎಲ್ಲರಿಗೂ ಉತ್ತರ ಸರಿಯಾಯಿತು. 65 ಮಂದಿ ತಕ್ಕ ಕಥೆಗಳನ್ನೂ ಕಟ್ಟಿದರು. ಇದರಲ್ಲಿ ಸೋಜಿಗವೇನೆಂದರೆ, ಶಾಲೆ ಕಾಲೇಜುಗಳಲ್ಲಿ ಕಳೆದ ವರ್ಷಗಳನ್ನು ಎಣಿಸಿದರೆ ಅಮೆರಿಕದವರೇ ಹೆಚ್ಚು ಓದಿದವರು. ಚೀನದವರು ಒಂಬತ್ತನೆಯ ತರಗತಿಯ ಮೇಲೆ ಎರಡು ಮೂರು ವರ್ಷ ನಾರ್ಮಲ್ ಶಾಲೆಯಲ್ಲಿ ಕಲಿತವರು. ಹೆಚ್ಚು ಪದವಿ, ಹೆಚ್ಚು ಪಠ್ಯ ಎಂದೊಡನೆ ಒಳ್ಳೆಯ ತರಬೇತಿಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಕಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಯಾವುದೆಂಬುದನ್ನು ನೋಡಿದರೆ ಅಭ್ಯಾಸ ಪರೀಕ್ಷೆಯ ಬೆಲೆ ತಾನಾಗಿ ತಿಳಿಯುತ್ತದೆ. "ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮನಾಗಿ ಹಂಚಿ" ಎಂದು ಬರೆದರೆ ಅದು ಅರ್ಧದಿಂದ ಭಾಗಿಸಿದಂತಲ್ಲ, ಎರಡರಿಂದ ಭಾಗಿಸಿದಂತೆ. ಉತ್ತರ ಮುಕ್ಕಾಲಿಗಿಂತ ತುಸು ಹೆಚ್ಚು, ಮೂರೂವರೆಯಲ್ಲ. ಸರಿಯಾದ ಕಥೆ ನಮ್ಮ ಅಜ್ಜಿಯರ ಉಗ್ರಾಣದಲ್ಲಿಯೇ ಇತ್ತು: ಒಂದೂಮುಕ್ಕಾಲು ಸೇರು ಅಕ್ಕಿಯನ್ನು ಅಚ್ಚೇರಿನಿಂದ ಅಳೆದರೆ ಎಷ್ಟು ಸಲ ಅಳೆಯಬೇಕು? ಮೂರು ಸಲ ತುಂಬಿ, ನಾಲ್ಕನೆಯ ಸಲಕ್ಕೆ ಅಚ್ಚೇರಿನ ಅರ್ಧದಷ್ಟು, ಒಂದು ಪಾವು, ಉಳಿಯುತ್ತದೆ. ಭಾಗಿಸಿದ ಮೇಲೆ ಉತ್ತರ ದೊಡ್ಡದಾದುದು ಏಕೆಂದು ಇನ್ನು ಯಾರೂ ಕೇಳಬೇಕಾದುದಿಲ್ಲ. ಕಾಲು, ಅರೆ, ಮುಕ್ಕಾಲು, ವೀಸ ಎಂದು ಭಿನ್ನರಾಶಿಗಳಿಗೆ ತಾಯಿಮಾತಿನಲ್ಲಿ ಹೆಸರಿಟ್ಟ ಜನರ ಮಕ್ಕಳು ಭಿನ್ನರಾಶಿಗೆ ಅಂಜಬೇಕಾಗಿ ಬಂದುದು ವಿಪರ್ಯಾಸವೇ ಸರಿ.

ಹೀಗಾದುದರಿಂದ ನಾವು ಬಯಸುವ ಅಭ್ಯಾಸ ಪರೀಕ್ಷೆಯು ಅರ್ಹತಾ ಪರೀಕ್ಷೆಯ ಪಡಿಯಚ್ಚಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದು ಅಲ್ಲೊಂದು ಇಲ್ಲೊಂದು ಇರಲಿ. ಮುಖ್ಯವಾದುದು ಬರೆಯುವ ಪ್ರಶ್ನೆ. ಮಕ್ಕಳ ನಿಜವಾದ ತಪ್ಪುಗಳೇ ಅದರ ಬಂಡವಾಳ. ಮಗುವೊಂದು 52 − 27 = 35 ಎಂದು ಬರೆದಿದೆ. ಟ್ರೈನಿಂಗಿನ ಹುಡುಗಿಯನ್ನು "ಸರಿಯುತ್ತರವೇನು?" ಎಂದು ಕೇಳಿ ಪ್ರಯೋಜನವಿಲ್ಲ, ಅದು 25 ಎಂದು ಅವಳಿಗೆ ಗೊತ್ತು. "ಈ ಮಗು ಏನೆಂದು ಯೋಚಿಸಿತು? ಇದೇ ಮಗು 403 − 128ಕ್ಕೆ ಏನು ಬರೆಯಬಹುದು?" ಎಂದು ಕೇಳಬೇಕು. ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡದರಿಂದ ಸಣ್ಣದನ್ನು ಕಳೆಯುವುದು ಆ ಮಗುವಿನ ಕ್ರಮವೆಂದು ಹಿಡಿದವಳು 325 ಎಂದು ಭವಿಷ್ಯ ನುಡಿಯುತ್ತಾಳೆ. ಸರಿಯುತ್ತರ 275. ತಪ್ಪಿಗೂ ಒಂದು ನಿಯಮವುಂಟೆಂದು ಕಂಡವಳು ಆ ಮಗುವನ್ನು ಇನ್ನು ಮೇಲೆ ಅಜಾಗರೂಕನೆಂದು ಗದರಿಸಲಾರಳು. ಹತ್ತರ ಕಟ್ಟನ್ನು ಬಿಚ್ಚಿ ಕಡ್ಡಿಗಳನ್ನು ಎಣಿಸಿ ತೋರಿಸಲು ಕೂರುತ್ತಾಳೆ.

ದಶಾಂಶದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 0.45 ಮತ್ತು 0.6 ಇವುಗಳಲ್ಲಿ ದೊಡ್ಡದು ಯಾವುದೆಂದರೆ, 45 ಆರಕ್ಕಿಂತ ದೊಡ್ಡದಲ್ಲವೇ ಎಂದು ಮಗು ಮೊದಲನೆಯದನ್ನು ತೋರಿಸುತ್ತದೆ. "ಪಾಯಿಂಟ್ ನಲವತ್ತೈದು" ಎಂದು ನಾವೇ ಓದಿಸುವಾಗ ತಪ್ಪು ಮಗುವಿನದು ಮಾತ್ರವೇ? ಈಗ ಇದೇ ಮಗುವಿಗೆ 0.75 ಮತ್ತು 0.3 ಕೊಟ್ಟರೆ, ಅದೇ ತಪ್ಪು ಆಲೋಚನೆಯಿಂದ ಸರಿಯುತ್ತರ ಬಂದು, ಉಪಾಧ್ಯಾಯಿನಿ ಸರಿಯೆಂದು ಗುರುತು ಹಾಕಿ ಮುಂದೆ ಹೋಗುತ್ತಾಳೆ. ಯಾವ ಎರಡು ಸಂಖ್ಯೆಗಳನ್ನು ಕೊಟ್ಟರೆ ಮಗುವಿನ ಒಳಗುಟ್ಟು ಹೊರಬೀಳುತ್ತದೆಂಬುದು ದೊಡ್ಡ ವಿದ್ಯೆ. ಅಭ್ಯಾಸ ಪರೀಕ್ಷೆಯಲ್ಲಿ ಅದನ್ನು ಕೇಳಬಹುದು, ಕೇಳಬೇಕು. ಇನ್ನೊಂದು: "ಸುತ್ತಳತೆ ಹೆಚ್ಚಿದರೆ ಕ್ಷೇತ್ರಫಲವೂ ಹೆಚ್ಚುತ್ತದೆ, ನಾನೇ ಕಂಡುಹಿಡಿದೆ" ಎಂದು ಒಬ್ಬ ಹುಡುಗಿ ಹಿಗ್ಗಿನಿಂದ ಬರುತ್ತಾಳೆ, ಅವಳಿಗೆ ನೀವು ಏನು ಹೇಳುವಿರಿ? ಇಲ್ಲವೆಂದು ಬಾಯಿ ಮುಚ್ಚಿಸುವವಳಿಗಿಂತ, 30 ಅಡಿ 40 ಅಡಿಯ ನಿವೇಶನವನ್ನೂ 60 ಅಡಿ 15 ಅಡಿಯ ನಿವೇಶನವನ್ನೂ ಅವಳಿಂದಲೇ ಅಳೆಸುವವಳು ಮೇಲು. ಮೊದಲನೆಯದರ ಸುತ್ತಳತೆ 140, ಕ್ಷೇತ್ರಫಲ 1,200. ಎರಡನೆಯದರ ಸುತ್ತಳತೆ 150, ಕ್ಷೇತ್ರಫಲ 900. ಬೇಲಿಗೆ ಹೆಚ್ಚು ತಂತಿ, ಮನೆಗೆ ಕಡಮೆ ಜಾಗ! ಆ ಹುಡುಗಿಗೆ ಅಪಮಾನವಾಗಲಿಲ್ಲ. ಮಾತ್ರವಲ್ಲ, ಒಂದು ಉದಾಹರಣೆಯಿಂದ ಒಂದು ನಿಯಮ ಮುರಿದು ಬೀಳುತ್ತದೆಂಬ ಗಣಿತದ ಮುಖ್ಯ ಪಾಠವೂ ಅವಳಿಗೆ ದೊರೆಯಿತು.

6ನ್ನು ಸೊನ್ನೆಯಿಂದ ಭಾಗಿಸಿದರೆ ಏನೆಂಬ ಪ್ರಶ್ನೆಯನ್ನೂ ನಾವು ಸೇರಿಸುತ್ತೇವೆ. ಮೇಲೆ ಹೇಳಿದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ರಾಶಿಯು ಹಾಗೆಯೇ ಉಳಿಯುತ್ತದೆಂದು ಹೇಳಿದ್ದಾನೆ. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೆ 6 ಬರುತ್ತದೆಂದು ಹುಡುಕಿದರೆ ಅಂಥ ಸಂಖ್ಯೆಯೇ ಇಲ್ಲ. ಅಷ್ಟು ದೊಡ್ಡ ಗಣಿತಜ್ಞನು ಎಡವಿದ ಸ್ಥಳದಲ್ಲಿ ಹತ್ತೊಂಬತ್ತರ ಹುಡುಗಿ ಎಡವಿದರೆ ನಾಚಿಕೆಯೇನು? ಅದನ್ನು ತರಬೇತಿಯಲ್ಲಿಯೇ ಎಡವಲಿ, ತರಗತಿಯಲ್ಲಿ ಬೇಡ ಎಂಬುದಷ್ಟೇ ನಮ್ಮ ಆಸೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಪರೀಕ್ಷೆ ಬರೆಯಿಸುವುದು ಅರ್ಧ ಕೆಲಸ. ಅದನ್ನು ಓದುವುದೇ ಉಳಿದರ್ಧ. ಒಂದು ದೊಡ್ಡ ಹಾಳೆಯ ಎಡಬದಿಯಲ್ಲಿ ಹುಡುಗಿಯರ ಹೆಸರುಗಳನ್ನೂ, ಮೇಲುಗಡೆ ಪ್ರಶ್ನೆಗಳ ಕ್ರಮಾಂಕಗಳನ್ನೂ ಬರೆದು, ಸರಿತಪ್ಪುಗಳ ಗುರುತು ಹಾಕಿರೆಂದು ಇಟ್ಟುಕೊಳ್ಳಿರಿ. ನಮಗೆಲ್ಲ ರೂಢಿಯಾಗಿರುವುದು ಆ ಹಾಳೆಯನ್ನು ಅಡ್ಡಸಾಲಿನಲ್ಲಿ ಓದುವುದು: ಇಂಥವಳಿಗೆ ಇಷ್ಟು ಅಂಕ, ಇಂಥವಳು ಮೊದಲಿಗಳು, ಇಂಥವಳು ಕೊನೆಯವಳು. ಕೋಚಿಂಗಿನವರು ಮಾಡುವುದೂ ಇದನ್ನೇ. ಟ್ರೈನಿಂಗ್ ಕಾಲೇಜು ಅದನ್ನು ಮೇಲಿನಿಂದ ಕೆಳಕ್ಕೆ, ಉದ್ದಸಾಲಿನಲ್ಲಿ ಓದಬೇಕು. ಐದನೆಯ ಪ್ರಶ್ನೆಯಲ್ಲಿ 50 ಮಂದಿಯೊಳಗೆ ಇಬ್ಬರು ತಪ್ಪಿದರೆ ಆ ಇಬ್ಬರನ್ನು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟರಾಯಿತು. 38 ಮಂದಿ ತಪ್ಪಿದರೆ, ಅವರಲ್ಲಿ ಬಹು ಜನ ಒಂದೇ ರೀತಿಯಲ್ಲಿ ತಪ್ಪಿದರೆ, ಅದು ಹುಡುಗಿಯರ ಫಲಿತಾಂಶವಲ್ಲ, ಕಾಲೇಜಿನ ಫಲಿತಾಂಶ. ಮುಂದಿನ ಎರಡು ವಾರಗಳ ಪಾಠಗಳು ಆ ಸಾಲನ್ನು ನೋಡಿಕೊಂಡು ಬದಲಾಗಬೇಕು. ಬೇರೆ ಸಂಖ್ಯೆಗಳಿಂದ, ಅದೇ ತತ್ತ್ವದ ಪ್ರಶ್ನೆಯನ್ನು ತಿಂಗಳೆರಡು ತಿಂಗಳಲ್ಲಿ ಮತ್ತೆ ಕೇಳಬೇಕು. ಮುಂದಿನ ವರ್ಷ ಬರುವ ಹೊಸ ತಂಡದ ಹಾಳೆಯನ್ನು ಇದರ ಪಕ್ಕದಲ್ಲಿಟ್ಟು, ಬದಲಾಯಿಸಿದ ಬೋಧನೆಯಿಂದ ಏನಾದರೂ ಆಯಿತೇ ಎಂದು ನೋಡಬೇಕು. ಒಂದು ವರ್ಷದ ಹಾಳೆಯಿಂದ ಡಂಗುರ ಸಾರಬಾರದು, ತಂಡದಿಂದ ತಂಡಕ್ಕೆ ಹುಡುಗಿಯರೇ ಬೇರೆ. ಮೂರು ನಾಲ್ಕು ವರ್ಷಗಳ ಹಾಳೆಗಳು ಒಂದೇ ಮಾತು ಹೇಳಿದರೆ ಅದನ್ನು ಕೇಳದಿರುವುದು ಹಟವಾಗುತ್ತದೆ.

ಇದು ಆಗದ ಕೆಲಸವೇನೂ ಅಲ್ಲ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯನ್ನು ಬರೆದ ನಿಮಗೆ ನೆನಪಿರಬಹುದು: ಅದರ ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆ, ಯಾವ ಅಧ್ಯಾಯವನ್ನು ಇನ್ನೊಮ್ಮೆ ಮೊದಲಿನಿಂದ ಮಾಡಬೇಕೆಂದು ಗಣಿತದ ಟೀಚರು ನಿರ್ಧರಿಸುತ್ತಿದ್ದರು. ಹದಿನೈದು ವರ್ಷದ ಮಕ್ಕಳಿಗೆ ಸಲ್ಲುವ ಈ ಸಾಮಾನ್ಯ ವಿವೇಕ ಅವರಿಗೆ ಕಲಿಸುವವರ ತರಬೇತಿಯಲ್ಲಿ ಏಕೆ ಸಲ್ಲಬಾರದು?

ಎರಡು ಕಟ್ಟುಪಾಡುಗಳಿಲ್ಲದೆ ಮಾತ್ರ ಇದು ಕೆಡುತ್ತದೆ. ಮೊದಲನೆಯದಾಗಿ, ಈ ಪರೀಕ್ಷೆಯ ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಸೇರಕೂಡದು. ಅಂಕವೆಂದೊಡನೆ ಹುಡುಗಿ ತನ್ನ ಅಜ್ಞಾನವನ್ನು ಮುಚ್ಚಿಡುತ್ತಾಳೆ, ಪಕ್ಕದವಳ ಹಾಳೆಯ ಮೇಲೆ ಕಣ್ಣು ಹಾಯಿಸುತ್ತಾಳೆ. ಆಮೇಲೆ ನಮ್ಮ ಉದ್ದಸಾಲಿನಲ್ಲಿ ಸತ್ಯ ಉಳಿಯುವುದಿಲ್ಲ. ಎರಡನೆಯದಾಗಿ, ಉಪನ್ಯಾಸಕರೂ ಅದೇ ಪತ್ರಿಕೆಯನ್ನು ಬರೆಯಬೇಕು. ಈ ಮಾತು ಕೆಲವರಿಗೆ ರುಚಿಸಲಾರದು. ಆದರೆ ಕಥೆಯ ಲೆಕ್ಕ ಕಟ್ಟುವುದು ಎಷ್ಟು ಕಷ್ಟವೆಂಬುದು ಪೆನ್ನು ಹಿಡಿದು ಕೂತವರಿಗೇ ತಿಳಿಯುವುದು. ಮುಖ್ಯೋಪಾಧ್ಯಾಯಿನಿಯರಿಗೂ ಒಂದು ಪ್ರತಿ ಕೊಟ್ಟರೆ ನಾವು ಬೇಡವೆನ್ನುವುದಿಲ್ಲ.

"ಪರೀಕ್ಷೆಯ ಮೇಲೆ ಪರೀಕ್ಷೆ! ಹುಡುಗಿಯರಿಗೆ ಈಗಾಗಲೇ ಉಸಿರಾಡಲು ಬಿಡುವಿಲ್ಲ" ಎಂದು ತಂದೆತಾಯಿಗಳು ಹೇಳುವುದನ್ನು ನಾವು ಬಲ್ಲೆವು, ಅದರಲ್ಲಿ ನ್ಯಾಯವೂ ಇದೆ. ಆದರೆ ಪರೀಕ್ಷೆಯು ಅಳೆಯುವ ಕೋಲು ಮಾತ್ರವಲ್ಲ, ಕಲಿಯುವ ಬಗೆಯೂ ಹೌದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗದ್ಯಭಾಗವೊಂದನ್ನು ಕೆಲವರು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಅನಂತರ ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ವಿಚಾರಿಸಿದರೆ ಎರಡು ಸಲ ಓದಿದವರದೇ ಮೇಲುಗೈ: 100ಕ್ಕೆ 81, ಇತರರಿಗೆ 75. ಒಂದು ವಾರದ ಮೇಲೆ ಕೇಳಿದಾಗ ತಕ್ಕಡಿ ತಿರುಗಿತು: ಓದಿದವರಿಗೆ 42, ಬರೆದವರಿಗೆ 56. ಇದು ಗದ್ಯದ ಸಂಗತಿ. ಭಿನ್ನರಾಶಿಗೆ ಇದನ್ನು ಹಾಗೆಯೇ ಅನ್ವಯಿಸುವ ಧೈರ್ಯ ನಮಗಿಲ್ಲ. ಆದರೂ ತರಬೇತಿಯ ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದಿ "ಬಂತು" ಎಂದುಕೊಳ್ಳುವ ಹುಡುಗಿಗೆ, ಪುಸ್ತಕ ಮುಚ್ಚಿದಾಗ ಏನು ಉಳಿದಿದೆಯೆಂಬುದು ಮುಂಚಿತವಾಗಿ ತಿಳಿದರೆ ನಷ್ಟವಿಲ್ಲ. ಬಿಡುವಿನ ಮಾತಿಗೆ ಬಂದರೆ, ಹತ್ತು ಪ್ರಶ್ನೆಗಳ ಒಂದು ಪತ್ರಿಕೆ, ವರ್ಷಕ್ಕೆ ಮೂರು ಸಲ, ಸಾಕು. ಪಾಠಯೋಜನೆಯ ಪುಸ್ತಕಗಳಿಗೆ ಬಣ್ಣಬಣ್ಣದ ಅಂಚು ಕಟ್ಟುವುದಕ್ಕೆ ಈಗ ಹೋಗುವ ರಾತ್ರಿಗಳಲ್ಲಿ ಒಂದೆರಡನ್ನು ಇದಕ್ಕೆ ಕೊಡಬಹುದು.

ಬಿ.ಎಡ್. ಶಿಕ್ಷಣವನ್ನು 2015ರಿಂದ ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ 20 ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕೆಂದು ಮಾಡಿದಾಗ ನಮಗೆ ಸಂತೋಷವಾಯಿತು. ನಮ್ಮಲ್ಲಿಗೂ ಹುಡುಗಿಯರು ಬರುತ್ತಾರೆ. ಹೆಸರು ಹೇಳುವ ಅಗತ್ಯವಿಲ್ಲದ ಒಂದು ಕಾಲೇಜಿನಿಂದ ಬಂದವರು ಒಂದು ವರ್ಷ ಇಷ್ಟಿಷ್ಟು ಪಾಠಗಳನ್ನು ಮಾಡಿ ಮುಗಿಸಿ, ಸಹಿ ಹಾಕಿಸಿಕೊಂಡು ಹೋದರು. ಮಕ್ಕಳ ಒಂದು ನೋಟ್‌ಬುಕ್ಕನ್ನೂ ಬಿಚ್ಚಿ ನೋಡುವ ಕೆಲಸವನ್ನು ಅವರಿಗೆ ಕೊಟ್ಟಿರಲಿಲ್ಲ. ಹುಡುಗಿಯರು ಚುರುಕಾದವರು, ಮಕ್ಕಳೊಡನೆ ನಗುನಗುತ್ತ ಇದ್ದವರು, ಅವರನ್ನು ದೂರುವಂತಿಲ್ಲ. ಆ 20 ವಾರಗಳಲ್ಲಿ ಮಕ್ಕಳ ತಪ್ಪುಗಳನ್ನು ಕೂಡಿಹಾಕಿ ಕಾಲೇಜಿಗೆ ಕೊಂಡೊಯ್ದಿದ್ದರೆ, ಮುಂದಿನ ತಂಡದ ಅಭ್ಯಾಸ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಯಾವ ಅಂಗಡಿಯಲ್ಲಿಯೂ ಸಿಕ್ಕುತ್ತಿರಲಿಲ್ಲ.

ಕೊನೆಯದಾಗಿ ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಕೋರಿಕೆ. ನೀವು ಕಲಿಸುವುದು ಯಾವ ಊರಿನಲ್ಲಿಯೇ ಇರಲಿ, ಎಷ್ಟು ಸಣ್ಣ ತರಗತಿಯೇ ಆಗಲಿ, ನಿಮ್ಮ ಮಕ್ಕಳು ಗಣಿತದಲ್ಲಿ ಬರೆದ ತಪ್ಪು ಉತ್ತರಗಳನ್ನು ನಮಗೆ ಕಳುಹಿಸಿಕೊಡಿರಿ. ಮಗುವಿನ ಹೆಸರನ್ನು ಅಳಿಸಿ, ತರಗತಿಯನ್ನು ಮಾತ್ರ ನಮೂದಿಸಿರಿ. ತಿದ್ದಿದ ಪ್ರತಿ ಬೇಡ, ಮಗು ಬರೆದಂತೆಯೇ ಇರಲಿ. ಒರೆಸಿದ ಗುರುತುಗಳಿದ್ದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ "ಹೇಗೆ ಮಾಡಿದೆ?" ಎಂದು ನೀವು ಕೇಳಿದಾಗ ಮಗು ಕೊಟ್ಟ ಉತ್ತರವನ್ನು, ಅದರದೇ ಮಾತಿನಲ್ಲಿ, ಕೆಳಗೆ ಒಂದು ಸಾಲು ಬರೆಯಿರಿ. ಶಾಲೆಯ ವಿಳಾಸಕ್ಕೆ ಬಂದ ಹಾಳೆಗಳನ್ನು ನಮ್ಮ ಗಣಿತದ ಟೀಚರುಗಳು ಭಿನ್ನರಾಶಿ, ದಶಾಂಶ, ಕಳೆಯುವ ಲೆಕ್ಕ, ಅಳತೆ ಎಂದು ವಿಂಗಡಿಸಿ, ನಮ್ಮಲ್ಲಿಗೆ ಅಭ್ಯಾಸಪಾಠಕ್ಕೆ ಬರುವ ಹುಡುಗಿಯರ ಮುಂದೆ ಮೊದಲನೆಯ ದಿನವೇ ಇಡುವರು.